ಗೋಡೆಯ ಬಾಯಿ

ಡುಲೂತ್ ಊರಿನ ಏರುಬೀದಿ. ಕೆಳಗೆ ಸುಪೀರಿಯರ್ ಸರೋವರ
ಹೆಪ್ಪುಗಟ್ಟಲೋ ಬೇಡವೋ ಎಂದು ಯೋಚಿಸುತ್ತಿದ್ದ ನವೆಂಬರು.
ಐಲಾ ಹಕ್ಕರೈನೆನ್ ಅವರ ಬಚ್ಚಲಿನ ಗೋಡೆ ಒಡೆಯುತ್ತಿದ್ದೆ.
ಒಂದು ಏಟು, ಎರಡು ಏಟು.
ಮೂರನೆಯದಕ್ಕೆ ಗಾರೆಯ ಹಿಂದಿನಿಂದ ಸುರಿಯಿತು
ಬೂಟಿನ ಮೇಲೆ, ಮಂಡಿಯ ಸಂದಿಗೆ
ತುಕ್ಕು ಹಿಡಿದ ಬ್ಲೇಡುಗಳ ರಾಶಿ.

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ.
ಈ ಗೋಡೆಗೆ ಬಾಯಿತ್ತು:
ಕನ್ನಡಿ ಬೀರುವಿನ ಬೆನ್ನಿನಲ್ಲಿ
ಅರ್ಧ ಬೆರಳುದ್ದದ ಸೀಳು.

ಬಾಗಿಲಲ್ಲಿ ಐಲಾ, ಕೈಯಲ್ಲಿ ಕಾಫಿ.
"ಅಪ್ಪನವು. ಅದಿರು ಬಂದರಿನಲ್ಲಿ ಕೆಲಸ ಅವನಿಗೆ.
ಸೋಮವಾರ ಹೊಸ ಬ್ಲೇಡು,
ಭಾನುವಾರ ಚರ್ಚಿಗೆ ಹೊರಡುವ ಮುಂಚೆ
ಹಳೆಯದು ಗೋಡೆಯೊಳಕ್ಕೆ.
ಟಿಣ್ ಅನ್ನೋದು. ಆಮೇಲೆ ನಾವು ಮಕ್ಕಳು ಏಳೋದು.
ಎಲ್ಲಿಗೆ ಹೋಗುತ್ತೆ ಅಪ್ಪಾ ಅಂತ ಒಮ್ಮೆ ಕೇಳಿದ್ದೆ.
ಒಳಗೆ, ಅಂದ."
ಫಿನ್ಲೆಂಡಿನಿಂದ ಬಂದ ಜನ.
ಒಂದು ಮಾತಿಗೆ ಇನ್ನೊಂದು ಸೇರಿಸಿದರೆ
ದಂಡ ಕಟ್ಟಬೇಕು ಅನ್ನುವ ಹಾಗೆ.

ಎಣಿಸಬೇಡ ಅಂದರು. ಎಣಿಸಲಿಲ್ಲ.
ಆದರೂ ಬಕೆಟ್ಟು ಎತ್ತುವಾಗ ತೋಳಿಗೆ ಗೊತ್ತಾಯಿತು
ಒಬ್ಬ ಮನುಷ್ಯನ ಬೆಳಗುಗಳು ಎಷ್ಟು ತೂಗುತ್ತವೆ ಎಂದು.

ಆ ಸಂಜೆ ಅವನ ರೇಜರನ್ನು ನನಗೆ ಕೊಟ್ಟರು.
ಹಿಡಿಯ ಬುಡ ತಿರುಗಿಸಿದರೆ
ತಲೆಯ ಎರಡು ಕದ ಮೆಲ್ಲಗೆ ತೆರೆಯುತ್ತವೆ,
ಒಳಗೆ ಒಂದೇ ಒಂದು ಎಲೆಯಷ್ಟು ತೆಳು ಉಕ್ಕಿಗೆ ಜಾಗ.

ನನ್ನದು ಐದು ಅಲಗಿನ ಪ್ಲಾಸ್ಟಿಕ್ಕು.
ಅಂಗಡಿಯಲ್ಲಿ ಅದಕ್ಕೆ ಗಾಜಿನ ಕಪಾಟು, ಬೀಗ.
ಗುಂಡಿ ಒತ್ತಿ, ಹುಡುಗಿ ಕೀಲಿಕೈ ತರುವ ತನಕ
ಕಳ್ಳನ ಹಾಗೆ ನಿಂತಿರಬೇಕು.
ಇಪ್ಪತ್ತು ವರ್ಷ ಅದರಿಂದ ಒತ್ತೊತ್ತಿ ಕೆರೆದಿದ್ದೇನೆ ಮುಖವನ್ನು,
ಹಳೇ ಬಾಗಿಲ ಬಣ್ಣ ಕೆರೆದ ಹಾಗೆ.

ಮೊದಲ ದಿನ ಮೂರು ಕಡೆ ರಕ್ತ.
ಕಾಗದದ ಚೂರು ಅಂಟಿಸಿಕೊಂಡು ಕೆಲಸಕ್ಕೆ ಹೋದೆ.
ಜೊತೆಗಾರ ಒಡೆಲ್ ನೋಡಿದ:
"ಬೆಕ್ಕಿಗೆ ಸ್ನಾನ ಮಾಡಿಸಲು ಹೋಗಿದ್ದೆಯಾ?"
ಐಲಾ ನಗಲಿಲ್ಲ.
"ಒತ್ತಬೇಡ. ಅಪ್ಪ ಎರಡು ಬೆರಳಲ್ಲಿ ಹಿಡೀತಿದ್ದ,
ಸತ್ತ ಮೀನಿನ ಬಾಲ ಹಿಡಿದ ಹಾಗೆ."

ಸುತ್ತಿಗೆ ಹಿಡಿದ ಕೈಗೆ
ಒತ್ತದಿರುವುದನ್ನು ಕಲಿಸುವುದು,
ಅದೂ ಐವತ್ತೆರಡರಲ್ಲಿ!
ಬಿಸಿನೀರು, ಸಾಬೂನಿನ ನೊರೆ, ಉಸಿರು ಬಿಗಿ.
ಬುಧವಾರವೋ ಗುರುವಾರವೋ
ಉಕ್ಕಿನ ಭಾರ ಉಕ್ಕೇ ಹೊರಲಿ ಎಂದು ಬಿಟ್ಟುಕೊಟ್ಟೆ.
ಒಣ ಹಿಮದ ಮೇಲೆ ದೂರದಲ್ಲಿ ಯಾರದೋ ಸ್ಲೆಡ್ಡು
ಜಾರಿದಂಥ ಸದ್ದು, ಅಷ್ಟೆ.
ಕೂದಲಿಗೂ ಇಳಿಜಾರಿದೆ:
ಕೆನ್ನೆಯಲ್ಲಿ ಕೆಳಕ್ಕೆ, ಕತ್ತಿನಲ್ಲಿ ಕಿವಿಯತ್ತ,
ಎಡದವಡೆಯ ಅಡಿಯಲ್ಲಿ ಮಾತ್ರ ಒಂದು ಸುಳಿ.
ಇಷ್ಟು ವರ್ಷ ಈ ಮುಖ ಹೊತ್ತು ತಿರುಗಿದವನಿಗೆ
ತನ್ನದೊಂದು ಸುಳಿ ಗೊತ್ತಿರಲಿಲ್ಲ.

ಭಾನುವಾರಕ್ಕೆ ಬ್ಲೇಡು ಮೊಂಡು.
ಎಲ್ಲಿ ಹಾಕುವುದು?
ನನ್ನ ಬಾಡಿಗೆ ಮನೆಯ ಗೋಡೆ ತೆಳು,
ಪಕ್ಕದವರ ಟೀವಿ, ಅವರ ಜಗಳ, ಅವರ ಕೆಮ್ಮು
ಎಲ್ಲ ದಾಟಿ ಬರುತ್ತವೆ.
ಆ ಗೋಡೆಗೆ ಬರೀ ಕಿವಿ.

ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ.
ಸೋಮವಾರ ಅವರ ಬಚ್ಚಲಲ್ಲಿ ಹೊಸ ಹಲಗೆ ನಿಂತಿತ್ತು,
ಬಣ್ಣ ಇನ್ನೂ ಹಸಿ,
ಹಳೇ ಬೀರು ಮತ್ತೆ ಅದೇ ಜಾಗದಲ್ಲಿ.
ಸೀಳು ಮುಚ್ಚಕೂಡದು ಎಂದು ಐಲಾ ಹಠ ಹಿಡಿದಿದ್ದರು.
ಎಂಬತ್ತೊಂದು ವರ್ಷದ ಹೆಂಗಸಿಗೆ
ಬ್ಲೇಡು ನುಂಗುವ ಗೋಡೆ ಏಕೆ?
ಕೇಳಿರಲಿಲ್ಲ. ಹಲಗೆಗೂ ಅಳತೆ ನೋಡಿ ತೂತು ಕೊರೆದಿದ್ದೆ.

ಸ್ಕ್ರೂ ಬಿಗಿ ಮಾಡಿ, ಉಪಕರಣ ಚೀಲಕ್ಕೆ ತುಂಬಿ,
ಜೇಬಿನಿಂದ ತೆಗೆದೆ.
ಸೀಳಿಗೆ ತುದಿ ಇಟ್ಟು ಬಿಟ್ಟೆ.

ಕೆಳಗೆ, ಖಾಲಿ ಕತ್ತಲೆಯಲ್ಲಿ,
ಟಿಣ್.

ಅಡುಗೆಮನೆಯಲ್ಲಿ ಕುರ್ಚಿ ಸರಿಯಿತು.
ಯಾರೂ ಕರೆಯದೆ
ಐಲಾ ಎದ್ದರು.