ಅಳಿಲಿನ ಗೂಟ

ಔಲು ಪಟ್ಟಣದಲ್ಲಿ ಜೂನ್ ತಿಂಗಳಿಗೆ ಕತ್ತಲೆಯ ಪಾಲಿಲ್ಲ.
ಎರಡೂವರೆಗೆ ಎದ್ದರೂ ಸೇತುವೆಯ ಮೇಲೆ ಸಂಜೆಯ ಬಣ್ಣ,
ಹೊತ್ತುಗೊತ್ತಿಲ್ಲದ ಕಡಲಹಕ್ಕಿಗಳು
ಕಸದ ಡಬ್ಬಿಯ ಮುಚ್ಚಳಕ್ಕಾಗಿ ಜಗಳ.
ಕರೀ ಪರದೆಗೆ ಮೂರು ಕಡೆ ಅಂಟುಪಟ್ಟಿ ಹಚ್ಚಿದ್ದೇನೆ.
ನಾಲ್ಕನೆಯ ಅಂಚಿನಿಂದ
ಸೂಜಿಯಷ್ಟು ಬೆಳಕು ನುಸುಳಿ
ನೇರ ನನ್ನ ಎಡಗಣ್ಣಿಗೇ.

ಚಿಂತೆಯಿಲ್ಲದವರಿಗೆ ಸಂತೆಯಲ್ಲೂ ನಿದ್ದೆಯಂತೆ.
ಚಿಂತೆ ಏನೂ ಇಲ್ಲ ಡಾಕ್ಟರೇ,
ಸಂತೆ ಇದೆ.
ಫ್ರಿಜ್ಜಿನ ಗುಂಯ್, ಅದು ನಿಂತಾಗ
ನಿಂತದ್ದರ ಸದ್ದು.
ಮೇಲಿನ ಮನೆಯ ನಲ್ಲಿ, ಹನ್ನೊಂದು ಎಣಿಸಿದರೆ ಒಂದು ಹನಿ.
ಅಂಗಿಯ ಕತ್ತಿನ ಚೀಟಿ ಕತ್ತರಿಸಿ ಬಿಸಾಕಿದರೂ
ಚೀಟಿಯಿದ್ದ ಜಾಗ ಚುಚ್ಚುತ್ತದೆ.
ಹಗಲು ಆಫೀಸಿನಲ್ಲಿ ಯಾರೋ ‘ನೋಡೋಣ’ ಅಂದರಲ್ಲ,
ಯಾವಾಗ ನೋಡುವುದು? ಎಲ್ಲಿ?
ಎಲ್ಲ ಸರತಿಯಲ್ಲಿ ನಿಂತು ಒಳಗೆ ಬರುತ್ತವೆ.
ಹೊರಗೆ ಹೋಗುವ ಬಾಗಿಲು ಇಡಲಿಲ್ಲ ನನಗೆ.

ಏಳು ಕಿಲೋ ಭಾರದ ಕಂಬಳಿ. ಒಂಬತ್ತೂವರೆಗೆ ಮಾತ್ರೆ.
ಬಿಸಿಹಾಲು ಬೇಡ, ಅದಕ್ಕೆ ಕೆನೆ ಕಟ್ಟುತ್ತದೆ.
ಮೂವತ್ತೊಂಬತ್ತರಲ್ಲಿ ಒಬ್ಬ ಹೆಂಗಸು ನಿಧಾನವಾಗಿ
ನನ್ನ ಹೆಸರಿನ ಮುಂದೆ ಆಟಿಸಂ ಎಂದು ಬರೆದಳು.
ಅಮ್ಮ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು
‘ತೊಟ್ಟಿಲಲ್ಲೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ, ತುವೋವಿ’
ಅಂದಳು, ಕಳೆದ ರಸೀದಿ ಹುಡುಕುವವಳ ಹಾಗೆ.

ನಿದ್ದೆ ಹತ್ತಿದರೆ, ಅದು.
ಆರು ವರ್ಷದಿಂದಲ್ಲ, ಆರನೆಯ ವಯಸ್ಸಿನಿಂದ.
ಅದೇ ಶಾಲೆ, ಒದ್ದೆ ಉಣ್ಣೆಯ ವಾಸನೆ,
ಕೋಟು ನೇತುಹಾಕುವ ಗೂಟಗಳ ಸಾಲು,
ಗೂಟಕ್ಕೊಂದು ಚಿತ್ರ:
ಅಣಬೆ, ದೋಣಿ, ಗೂಬೆ, ಮತ್ತೊಂದು ಅಣಬೆ.
ನನ್ನದು ಅಳಿಲು.
ಗಂಟೆ ಬಾರಿಸುತ್ತದೆ. ಅಳಿಲಿಲ್ಲ.
ಕೆಳಗೆ ಶೂಗಳು, ಎಲ್ಲವೂ ನೀಲಿ,
ಎಲ್ಲವೂ ಎಡಗಾಲಿನವು.
ಮಕ್ಕಳೆಲ್ಲ ಆಗಲೇ ಹಿಮದಲ್ಲಿ,
ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ.
ಹುಡುಕುತ್ತೇನೆ. ಹುಡುಕುವುದೇ ಕನಸು.
ಎಚ್ಚರಾದಾಗ ಪಾದ ತಣ್ಣಗೆ ಕೊರೆಯುತ್ತಿರುತ್ತದೆ.

ಇದರ ಅರ್ಥವೇನು ಎಂದು ಕೇಳಿದವರು ಬಹಳ.
ಅರ್ಥ ಕಟ್ಟಿಕೊಂಡು ಏನು ಮಾಡಲಿ,
ನನಗೆ ಶೂ ಬೇಕು.

ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಪಟ್ಟಿಯಲ್ಲಿ
ಬೆಳಗಿನ ಜಾವದ ಮೂರು ಗಂಟೆ ನನ್ನದು.
ನಾಲ್ಕು ಗಂಟೆ, ಮೊದಲ ಮಹಡಿಯ ಅಹ್ತಿಯದು.
ಕಾಗದದ ಕಾರ್ಖಾನೆ ಬಿಟ್ಟು ಹತ್ತು ವರ್ಷವಾದ ಮುದುಕ.
ಕಂದು ಶೂ, ನಲವತ್ತೇಳನೆಯ ಅಳತೆ,
ಲೇಸಿಗೆ ಎರಡೆರಡು ಗಂಟು.
ಒಂದು ಗಂಟೆ ಮೊದಲೇ ಬಂದು ಬೆಂಚಿನ ಆ ತುದಿಗೆ ಕೂರುತ್ತಾನೆ,
ಈ ತುದಿಗೆ ನಾನು.
ಇಬ್ಬರೂ ತಿರುಗುವ ನೀರನ್ನು ನೋಡುತ್ತೇವೆ.
ಮುಖ ನೋಡಬೇಕಿಲ್ಲದ ಮಾತು ಎಷ್ಟು ಸಲೀಸು.

ಒಮ್ಮೆ, ಯಾವ ಪೀಠಿಕೆಯೂ ಇಲ್ಲದೆ,
‘ನನ್ನದು ಹಡಗು’ ಅಂದ.
ಹೈಲುವೋತೊ ದ್ವೀಪದ ಹಡಗು. ವೇಳಾಪಟ್ಟಿ ಸರಿಯಿದೆ,
ಗಡಿಯಾರ ಸರಿಯಿದೆ,
ಓಡುತ್ತಾನೆ, ಸಿಮೆಂಟು ಅಂಗಾಲಿಗೆ ತಣ್ಣಗೆ,
ಹಡಗು ಎರಡು ಮಾರು ದೂರ ಹೋಗಿರುತ್ತದೆ.
ಮೂರಲ್ಲ, ಎರಡು. ನಲವತ್ತು ವರ್ಷದಿಂದ ಎರಡೇ.
‘ನನ್ನದು ಗೂಟ’ ಅಂದೆ.
ಯಾವ ಚಿತ್ರ, ಕೇಳಿದ.
ಅಳಿಲು.
ತಲೆಯಾಡಿಸಿದ. ಯಂತ್ರ ಹಿಂಡಲು ಶುರುಮಾಡಿತು,
ಇಬ್ಬರೂ ಒಟ್ಟಿಗೆ ಕಿವಿ ಮುಚ್ಚಿಕೊಂಡೆವು.

ಶುಕ್ರವಾರ ಮತ್ತೆ ಬಂತು.
ಉಣ್ಣೆ, ಗಂಟೆ, ಅಣಬೆ, ದೋಣಿ. ಅಳಿಲಿಲ್ಲ.
ನೀಲಿ ಸಾಲಿನ ಕೊನೆಗೆ
ಒಂದು ಜೊತೆ, ಕಂದು, ದೊಡ್ಡವು, ಎರಡೆರಡು ಗಂಟು.
ನನ್ನವಲ್ಲ. ನನಗೆ ಆಗುವುದೂ ಇಲ್ಲ.
ಅವುಗಳ ಪಕ್ಕ ನೆಲದ ಮೇಲೆ ಕೂತೆ.
ಗಂಟೆ ಬಾರಿಸುತ್ತಲೇ ಇತ್ತು, ಬಾರಿಸಲಿ.

ಎಚ್ಚರಾದದ್ದು ಐದು ಹತ್ತಕ್ಕೆ.
ಒಟ್ಟು ಮೂರು ಗಂಟೆ ನಲವತ್ತು ನಿಮಿಷ; ಡೈರಿಯಲ್ಲಿ ಬರೆದೆ.
ಕಾಲು ಆವತ್ತೂ ತಣ್ಣಗಿತ್ತು.

ನಾಳೆ ಅಹ್ತಿಗೆ ಹೇಳಬೇಕು,
ಹಡಗು ಯಾಕೆ ತಪ್ಪುತ್ತದೆ ಅಂತ ಗೊತ್ತಾಯಿತು,
ನಿನ್ನ ಶೂ ನಮ್ಮ ಶಾಲೆಯಲ್ಲಿದೆ.