ಮುಯ್ಯಿ

ಮಿಂಗಾ ಅಂತೀವಿ ಚಿಲೊಯೆಯಲ್ಲಿ. ಮುಯ್ಯಾಳಿನ ಕೆಲಸ.
ಕರೆಯುವವನು ತಾನೇ ಬಂದು ಬಾಗಿಲಲ್ಲಿ ನಿಂತು ಕರೆಯಬೇಕು,
ಕರೆಸಿಕೊಂಡವನು ಇಲ್ಲ ಅನ್ನಬಾರದು. ಅಷ್ಟೇ ಕಟ್ಟಳೆ.
ಇಡೀ ಮನೆಯನ್ನೇ ಬುಡದಿಂದ ಎಬ್ಬಿಸಿ
ಇನ್ನೊಂದು ದ್ವೀಪಕ್ಕೆ ಎಳೆದೊಯ್ಯುವ ಜನ ನಾವು.
ಕೂಲಿಯಿಲ್ಲ. ಕೊನೆಗೊಂದು ಊಟ.

ಎವರಿಸ್ತೊ ಬಂದದ್ದು ಮಂಗಳವಾರ ಸಂಜೆ,
ಟೊಪ್ಪಿ ಕೈಯಲ್ಲಿ ಹಿಡಿದು,
ಮೂರು ವರ್ಷದ ಮೇಲೆ.
"ಶನಿವಾರ. ಹತ್ತೂವರೆಗೆ ಉಬ್ಬರ.
ಒಂದು ಜೋಡಿ ಎತ್ತು ಕಡಿಮೆ ಬಿದ್ದಿದೆ."
ಒಲೆಯ ಮುಂದೆ ಲುದೊವಿನಾ ಆಲೂಗಡ್ಡೆ ಹೆಚ್ಚುತ್ತಿದ್ದಳು.
ತಿರುಗಲಿಲ್ಲ.
ಚಾಕು ಮಾತ್ರ ಒಂದು ಉಸಿರಿನಷ್ಟು ನಿಂತು
ಮತ್ತೆ ಹಲಗೆ ಕುಟ್ಟಿತು.
ಬರ್ತೀನಿ ಅಂದೆ.

ಏಳನೇ ವಯಸ್ಸಿಂದ ಒಂದೇ ದೋಣಿ ನಮ್ಮದು.
ಎಡ ಹುಟ್ಟು ಅವನದು, ಬಲ ನನ್ನದು.
ಒಬ್ಬ ಕೆಮ್ಮಿದರೆ ಇನ್ನೊಬ್ಬ ಉಗುಳುತ್ತಾನೆ ಅಂತ
ಊರು ನಗುತ್ತಿತ್ತು.
ಆ ವರ್ಷ ಉಣ್ಣೆ ಕತ್ತರಿಸಲು ಪ್ಯಾಟಗೋನಿಯಾಕ್ಕೆ ಹೊರಟವನು
ಹಡಗುಕಟ್ಟೆಯಲ್ಲಿ ಅಂದ:
"ಲುದೊವಿನಾ ಮನೆಗೆ ಸೌದೆ ಒಡೆದು ಹಾಕ್ತಿರು,
ಅವಳಪ್ಪನಿಗೆ ಸೊಂಟ ಬಿದ್ದಿದೆ."
ಒಡೆದು ಹಾಕಿದೆ.
ನವೆಂಬರಿನಿಂದ ಮಾರ್ಚಿನವರೆಗೆ.
ಒಟ್ಟಿಲು ಸೂರು ಮುಟ್ಟಿದ ಮೇಲೂ
ದಿನಾ ಕೊಡಲಿ ಹೊತ್ತು ಹೋಗುವವನನ್ನು
ಊರು ನೋಡದೆ ಇರುತ್ತದೆಯೆ?

ಬಂದ. ಸಾಬೂನು ತಂದಿದ್ದ, ಒಂದು ಕೆಂಪು ಶಾಲು.
ಒಟ್ಟಿಲ ಮುಂದೆ ಎಣಿಸುವವನ ಹಾಗೆ ನಿಂತು
"ಚೆನ್ನಾಗಿ ಒಡೆದಿದ್ದೀಯ" ಅಂದ.
ಹೊಡೆದಿದ್ದರೆ ಚೆನ್ನಾಗಿತ್ತು.
ಶಾಲು ತಾಯಿಗೆ ಕೊಟ್ಟ.
ಮುದುಕಿ ಅದನ್ನೇ ಹೊದ್ದು ಮಣ್ಣಿಗೆ ಹೋದಳು.

ಶನಿವಾರ ಕಿಟಕಿ ಕಳಚಿದೆವು, ಬಾಗಿಲು ಕಳಚಿದೆವು,
ಒಲೆಯನ್ನು ನಾಲ್ಕು ಜನ ಹೊತ್ತು ತಂದೆವು.
ಒಳಗೆ ಆಸರೆ ತೊಲೆ ಬಿಗಿಯಲು ನನ್ನನ್ನೇ ಕಳಿಸಿದರು,
ಈ ಮನೆ ಬಲ್ಲವನು ಎಂದು.
ನೆಲದ ಹಲಗೆಯಲ್ಲಿ ನಾನು ಹನ್ನೆರಡರಲ್ಲಿ
ಕೆಂಡ ಬೀಳಿಸಿ ಸುಟ್ಟ ಕರಿ ಮಚ್ಚೆ,
ಹಾಗೇ. ಯಾರೂ ಕೆರೆದು ತೆಗೆದಿಲ್ಲ.
ಎಷ್ಟು ಹೊತ್ತು ಇದ್ದೆನೋ. ಹೊರಗೆ ಎತ್ತುಗಳ ಮೇಲೆ
ಕೂಗು ಎದ್ದಾಗ ಹೊರಬಂದೆ.

ಹನ್ನೊಂದು ಜೋಡಿ ಕೆಸರು ತುಳಿದು ಎಳೆದವು.
ಮನೆ ಕಿರುಗುಟ್ಟಿ, ಓಲಾಡಿ, ಉಪ್ಪುನೀರಿಗೆ ಇಳಿಯಿತು,
ಸೊಂಟದವರೆಗೆ ನೆನೆದು
ತೇಲಿತು.

"ಬಲ ಹುಟ್ಟು ಖಾಲಿ ಇದೆ, ಕ್ಲೊದೊಮಿರೊ."
ಕ್ಲೊದೊ ಅನ್ನುತ್ತಿದ್ದವನು ಪೂರ್ತಿ ಹೆಸರು ಹಿಡಿದು ಕರೆದ.
ಕೂತೆ.
ಹುಟ್ಟು ಹಾಕುವವರು ಹೋಗುವ ದಿಕ್ಕು ನೋಡುವುದಿಲ್ಲ,
ಬಿಟ್ಟು ಬಂದದ್ದನ್ನು ನೋಡುತ್ತಾರೆ.
ಹಾಗಾಗಿ ಎರಡು ಗಂಟೆ ಪಕ್ಕಪಕ್ಕ ಕೂತು
ಹಿಂದೆ ಬರುವ ಅವನ ಮನೆಯನ್ನು ನೋಡಿದೆವು,
ಕಿಟಕಿಯಿಲ್ಲದ ಅದರ ಕಂಡಿಯಲ್ಲಿ ಬಂದು ಹೋಗುವ
ನನ್ನ ಮನೆಯ ಹೊಗೆಯನ್ನು.
ಕಾಲುವೆಯ ನಡುವೆ ಅವನೊಮ್ಮೆ ಬಾಯಿ ಬಿಟ್ಟ:
"ಹೊಗೆ ಬೆಳ್ಳಗಿದೆ. ಹಸಿ ಸೌದೆ."
"ಈ ವರ್ಷ ಒಡೆದದ್ದು ತಡವಾಯ್ತು."
"ಹೂಂ."
ಭುಜ ಒಟ್ಟಿಗೇ ಬಾಗುತ್ತಿದ್ದವು, ಒಟ್ಟಿಗೇ ಏಳುತ್ತಿದ್ದವು.
ಅದಕ್ಕೆ ನಮ್ಮನ್ನು ಕೇಳಬೇಕಿರಲಿಲ್ಲ.

ಊಟಕ್ಕೆ ಚಿಪ್ಪುಮೀನು, ಹಂದಿ, ಆಲೂಗಡ್ಡೆ ರೊಟ್ಟಿ.
"ಇವತ್ತಿಗೆ ಮುಯ್ಯಿ ತೀರಿತು" ಅಂದರು ಯಾರೋ ಕುಡಿದವರು,
ಯಾವ ಅರ್ಥದಲ್ಲಿ ಅಂದರೋ.
ಎವರಿಸ್ತೊ ನನ್ನ ತಟ್ಟೆಗೆ ಬಡಿಸಿದ, ಎಲ್ಲರಿಗೆ ಬಡಿಸಿದಷ್ಟೇ.
ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.
ಅದನ್ನು ನುಂಗುವುದು ಕಷ್ಟವಾಯಿತು.

ರಾತ್ರಿ ತಡವಾಗಿ ಬಂದೆ. ಅವಳು ಎಚ್ಚರವಿದ್ದಳು.
"ಮುಟ್ಟಿತೆ?"
"ಮುಟ್ಟಿತು. ಒಂದು ಹಲಗೆ ಸೀಳಿದೆ."
ದೀಪ ಸಣ್ಣ ಮಾಡಿದಳು. ಆಮೇಲೆ, ಗೋಡೆಗೆ ಹೇಳುವವಳಂತೆ,
"ಬಾಗಿಲು ಯಾವ ಕಡೆಗೆ ಇಟ್ಟ?"

ಕತ್ತಲಾಗಿತ್ತು, ನೋಡಲಿಲ್ಲ ಅಂದೆ.
ಅವನು ಮೊಳೆ ಹೊಡೆದು ಮುಗಿಸುವವರೆಗೂ
ಚೌಕಟ್ಟು ಹಿಡಿದು ನಿಂತಿದ್ದವನು ನಾನೇ.