ಹಳದಿ ದೀಪದ ನೆಲಮಾಳಿಗೆ

ಇರುಳುಗುರುಡಿಗೆ ಮದ್ದಿದು,
ಆದರೆ ಬೆಳಕು ಸೋಕಿದರೆ ಕೆಡುತ್ತದೆ, ಎಂದು
ಮೊದಲ ದಿನವೇ ಹೇಳಿದ್ದರು ಡ್ರಾಹೊಮೀರಾ ಮೇಡಂ,
ಕಿಟಕಿಗೆ ಕರಿ ಪರದೆ ಎಳೆಯುತ್ತ.
ನನಗಾಗ ಇಪ್ಪತ್ತೆರಡು.
ಓಲೊಮೋತ್ಸ್ ಊರಿನ ಡೈರಿಯಲ್ಲಿ ಬಾಟಲಿ ತೊಳೆದವನೆಂದು
ಗಾಜಿನ ತಟ್ಟೆ ತೊಳೆಯಲು ಸೇರಿಸಿಕೊಂಡಿದ್ದರು.
"ಎಣಿಸಲು ಬರುತ್ತದಾ, ವ್ರಾತಿಸ್ಲಾವ್?
ತಾಳ್ಮೆಯಿಂದ?"

ಹಳದಿ ಬಲ್ಬಿನ ಮಬ್ಬಿಗೆ ಕಣ್ಣು ಪಳಗಲು
ಒಂದು ವಾರ ಹಿಡಿಯಿತು.
ತಟ್ಟೆಯೊಳಗೆ ಅಗಾರಿನ ಗಂಜಿ,
ಗಂಜಿಯ ಮೇಲೆ ಕೋಟಿಗಟ್ಟಲೆ ಸಾಲ್ಮೊನೆಲ್ಲ,
ತನಗೆ ಬೇಕಾದ ಒಂದು ಅಮೈನೋ ಆಮ್ಲವನ್ನು
ತಾನೇ ಮಾಡಿಕೊಳ್ಳಲಾರದ ಕುಂಟು ತಳಿ.
ಚಿಟಿಕೆಯಷ್ಟು ಬಡಿಸಿ ಕೈ ಎಳೆದುಕೊಳ್ಳುತ್ತೇವೆ.
ಬದಲಾದವು ಬದುಕುತ್ತವೆ.
ಎರಡು ದಿನ ಕಾವು ಕೊಟ್ಟು ತೆಗೆದರೆ
ರವೆಯಂಥ ಬಿಳಿ ಚುಕ್ಕೆ,
ಒಂದೊಂದೂ ವಂಶದ ಬರಹದಲ್ಲಾದ ಒಂದು ತಿದ್ದು.

ಬೂಷ್ಟು ಹಿಡಿದ ಕಡಲೆಕಾಯಿಯ ವಿಷ,
ಜೊತೆಗೆ ಇಲಿಯ ಈಲಿ ಅರೆದ ರಸ:
ಚುಕ್ಕೆ ಸಾವಿರದ ನೂರು.
ಅದಕ್ಕೇ ಒಂದು ಹನಿ ರೆಟಿನಾಲ್ ಬೆರೆಸಿದರೆ
ನಾನೂರು. ಇನ್ನೊಂದು ಹನಿಗೆ ಮುನ್ನೂರ ಹತ್ತು.
ಯಾಕೆ?
ಆ ಎರಡಕ್ಷರಕ್ಕೆ ಮೂವತ್ತೊಂದು ವರ್ಷ ತೆತ್ತರು ಮೇಡಂ.
(ಗಜ್ಜರಿ ಮಾತ್ರ ಮುಟ್ಟುತ್ತಿರಲಿಲ್ಲ. ಗುರುವಾರದ ಸೂಪಿನಿಂದ
ಒಂದೊಂದೇ ತುಂಡು ಹೆಕ್ಕಿ ನನ್ನ ಬಟ್ಟಲಿಗೆ ಹಾಕುವರು.)

ಮೊದಲು ಅವರ ಕೋಣೆ ಮೂರನೇ ಮಹಡಿಯಲ್ಲಿತ್ತಂತೆ.
ಎಪ್ಪತ್ತರ ಚಳಿಗಾಲ ಒಂದು ಕಾಗದ ಬಂತು:
ಟ್ಯಾಂಕುಗಳು ಬಂದದ್ದು ನೆರವಿಗೇ ಎಂದು ಒಪ್ಪಿ, ಕೆಳಗೆ ಸಹಿ.
ಹಾಕಿದವರು ಪ್ರೊಫೆಸರಾದರು, ಸಮುದ್ರ ನೋಡಿ ಬಂದರು.
ಇವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
"ಕತ್ತಲೆ ಬೇಕಾದ ಕೆಲಸಕ್ಕೆ ನೆಲಮಾಳಿಗೆ ಕೊಟ್ಟಿದ್ದಾರೆ,
ಪುಣ್ಯಾತ್ಮರು," ಅಂದು ನಕ್ಕದ್ದು ನೆನಪಿದೆ.

ಕಿಟಕಿ ಫುಟ್‌ಪಾತಿನ ಮಟ್ಟಕ್ಕಿತ್ತು.
ಹೊರಗಿನ ಲೋಕವೆಂದರೆ ಮೊಣಕಾಲಿನಿಂದ ಕೆಳಗೆ.
ಎಂಬತ್ತೊಂದರ ಫೆಬ್ರವರಿ, ಬೆಳಿಗ್ಗೆ ಹತ್ತು,
ಪರದೆಯ ಸಂದಿಯಲ್ಲಿ ಹಿಮ ತುಳಿಯುತ್ತ ನಿಂತವು
ಒಂದು ಜೊತೆ ಕೆಂಪು ಬೂಟು.
ನಾನು ಪರದೆ ಸರಿಸಿದೆ.
ಮೇಜಿನ ಮೇಲೆ ಮುಚ್ಚಳ ತೆಗೆದ ಸೀಸೆಗಳಿದ್ದವು.

ಆ ಕಂತಿನ ತಟ್ಟೆಗಳಲ್ಲಿ ಚುಕ್ಕೆ ಇಳಿಯಲಿಲ್ಲ.
ಎಂಟುನೂರು, ಒಂಬೈನೂರು.
ಮತ್ತೆ ಎಣಿಸು ಅಂದರು. ಎಣಿಸಿದೆ.
ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ಎಣಿಸಿದೆ.
ಪ್ರಾಗಿನ ಪತ್ರಿಕೆಗೆ ಕಳಿಸಬೇಕಿದ್ದ ಲೇಖನವನ್ನು
ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.
ಹನ್ನೊಂದು ತಿಂಗಳು.
ಆಮೇಲೆ ತಾವೇ ಬೇಕೆಂದು ರೆಟಿನಾಲನ್ನು ಹಗಲಿಗೆ ಹಿಡಿದರು,
ಒಂದು ನಿಮಿಷ, ಎರಡು, ಮೂರು,
ಕೆಟ್ಟದ್ದು ಹೇಗೆ ಕೆಡುತ್ತದೆಂದು ಗೆರೆ ಎಳೆದು ತೋರಿಸಲು.
ನನ್ನನ್ನು ಏನೂ ಕೇಳಲಿಲ್ಲ.
ಪರದೆಗೆ ಇನ್ನೊಂದು ಪದರ ಹೊಲಿದು ತಂದರು, ಅಷ್ಟೇ,
ಹೊಲಿಗೆ ಮಾತ್ರ ತೀರಾ ಸೊಟ್ಟ.

ನನ್ನ ಮದುವೆಗೆ ಬಂದಿದ್ದರು.
ಯಾರ್ಮಿಲಾಳ ಕಾಲನ್ನೊಮ್ಮೆ ನೋಡಿ,
ಕೇಕಿನ ಎರಡನೇ ತುಂಡು ಕೇಳಿ ತಿಂದರು.

ಎಂಬತ್ತೊಂಬತ್ತರ ನಂತರ ಮಹಡಿಯ ಕೋಣೆ ವಾಪಸು ಕೊಡಲು ಬಂದರೆ
"ಇಲ್ಲಿನ ಕತ್ತಲೆ ಒಗ್ಗಿದೆ" ಅಂದುಬಿಟ್ಟರು.
ವಿಯೆನ್ನಾ ಕರೆಯಿತು; ಹೋಗಿ, ಇಪ್ಪತ್ತು ನಿಮಿಷ ಮಾತಾಡಿ,
ಸಂಜೆಯ ರೈಲಿಗೇ ಮರಳಿದರು,
ಮರುದಿನ ತಟ್ಟೆ ತೆಗೆಯುವುದಿತ್ತು.

ಹೋದ ತಿಂಗಳು ಮಾಳಿಗೆ ಖಾಲಿ ಮಾಡಿದೆವು.
ಮೇಡಂ ಹೋಗಿ ಎರಡು ವರ್ಷ.
ಎಂಬತ್ತೊಂದರ ನೋಟುಬುಕ್ಕಿನಲ್ಲಿ ನನ್ನದೇ ಕೈಬರಹದ ಅಂಕಿಗಳು,
ಎಂಟುನೂರ ಅರವತ್ತು, ಒಂಬೈನೂರ ನಾಲ್ಕು,
ಅಂಚಿನಲ್ಲಿ ಅವರ ಸಣ್ಣ ಪೆನ್ಸಿಲ್ ಅಕ್ಷರ:

ಬೆಳಕು. ಸುಮಾರು ನಾಲ್ಕು ನಿಮಿಷ.
ಬೂಟು, ಕೆಂಪು.